ಮಳೆ ರಜೆಗೆ ಮನೆಯಲ್ಲೇ ಮಾಡಿ ಪದ ಹುಡುಕಾಟ

ಜುಲೈ ತಿಂಗಳ ಶಿರಸಿ ಅಂದರೆ ಗೊತ್ತಲ್ಲ. ರಾತ್ರಿಯಿಡೀ ಹೊಯ್ದ ಮಳೆ ಬೆಳಿಗ್ಗೆಯೂ ಬಿಟ್ಟಿರುವುದಿಲ್ಲ. ಚಹಾ ಕುಡಿಯುವಷ್ಟರಲ್ಲಿ ಶಾಲೆಗೆ ರಜೆ ಎಂಬ ಸುದ್ದಿ ವಾಟ್ಸಾಪಿಗೆ ಬಂದಿರುತ್ತದೆ. ಹೋದ ಮಳೆಗಾಲದಲ್ಲಿ ತಂಗಿಯ ಮಗ ನಮ್ಮ ಮನೆಯಲ್ಲಿದ್ದ. ಮೊಬೈಲಿನ ಚಾರ್ಜ್ ಮುಗಿಯುವ ತನಕ ಮಾಣಿಯ ಸದ್ದೇ ಇರಲಿಲ್ಲ. ಮುಗಿಯಿತು, ಕರೆಂಟೂ ಹೋಗಿತ್ತು. ಜಗುಲಿಯಲ್ಲಿ ಮುಖ ಊದಿಸಿಕೊಂಡು ಕೂತ.

ಕರೆಂಟ್ ಬಂದ ಮೇಲೆ ಅವನಿಗಾಗಿ ಕಂಪ್ಯೂಟರಿನಲ್ಲಿ ಒಂದು ಪದ ಹುಡುಕಾಟ ಮಾಡಿಕೊಟ್ಟೆ. ಚೌಕದ ತುಂಬ ಅಕ್ಷರ, ಅದರೊಳಗೆ ಅಡಗಿದ ಪದಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುವ ಆಟ. ಇದು 1968ರಲ್ಲಿ ಅಮೆರಿಕದ ಒಕ್ಲಹೋಮಾದ ನಾರ್ಮನ್ ಎಂಬ ಊರಿನಲ್ಲಿ, ನಾರ್ಮನ್ ಗಿಬಾಟ್ ಎಂಬವರ ಸಣ್ಣ ಜಾಹೀರಾತು ಪತ್ರಿಕೆಯಲ್ಲಿ ಅಚ್ಚಾಗಿ ಹೆಸರು ಮಾಡಿತು. ಊರೂ ನಾರ್ಮನ್, ಅವರೂ ನಾರ್ಮನ್! ಇಂಗ್ಲಿಷಿನಲ್ಲಾದರೆ ಇದನ್ನು ಮಾಡಿಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ. ಕನ್ನಡದಲ್ಲಿ ಮಾಡಲು ಹೊರಟರೆ ಮಾತ್ರ ಕೈಕೊಡುತ್ತವೆ. ಯಾಕೆ ಅಂತ ಮೊದಲು ನೋಡೋಣ. ಅದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಮನೆಗೆ ಒಂದು ಅಕ್ಷರ, ಆದರೆ ಯಾವುದು ಅಕ್ಷರ?

‘ಕಾರವಾರ’ದಲ್ಲಿ ಎಷ್ಟು ಅಕ್ಷರ? ಕಾ, ರ, ವಾ, ರ. ನಾಲ್ಕು. ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಕಂಪ್ಯೂಟರನ್ನು ಕೇಳಿ, ಆರು ಎನ್ನುತ್ತದೆ. ಎಕ್ಸೆಲ್‌ನಲ್ಲಿ ಉದ್ದ ಎಣಿಸುವ ‘ಲೆನ್’ ಸೂತ್ರ ಹಾಕಿ ನೋಡಿದರೆ ನಿಮಗೂ ಆರೇ ಬರುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪದ್ಧತಿಯಲ್ಲಿ ‘ಕಾ’ ಎಂದರೆ ಒಂದು ಕ, ಅದರ ನಂತರ ಬೇರೆಯಾಗಿ ಒಂದು ಇಳಿ. ಒತ್ತಕ್ಷರಕ್ಕಂತೂ ಎರಡು ವ್ಯಂಜನಗಳ ನಡುವೆ ಕಣ್ಣಿಗೆ ಕಾಣದ ಒಂದು ಅರ್ಧಾಕ್ಷರದ ಚಿಹ್ನೆ ಕೂತಿರುತ್ತದೆ. ಹಾಗಾಗಿ ಮೂರೇ ಅಕ್ಷರದ ‘ಭಟ್ಕಳ’ ಅದರ ಲೆಕ್ಕದಲ್ಲಿ ಐದು. ನಾಲ್ಕಕ್ಷರದ ‘ಸಿದ್ದಾಪುರ’ ಒಂಬತ್ತು!

ಇಂಗ್ಲಿಷಿಗೆಂದು ಮಾಡಿದ ಹೆಚ್ಚಿನ ವೆಬ್‌ಸೈಟುಗಳು ಈ ಒಂಬತ್ತನ್ನೂ ಒಂಬತ್ತು ಮನೆಗೆ ಹಂಚಿಬಿಡುತ್ತವೆ. ಒಂದು ಮನೆಯಲ್ಲಿ ಬರೀ ಗುಡಿಸು, ಇನ್ನೊಂದರಲ್ಲಿ ಬರೀ ಕೊಂಬು, ಅದರ ಪಕ್ಕ ಚುಕ್ಕಿ ಚುಕ್ಕಿಯ ಒಂದು ಸೊನ್ನೆ. ಅದನ್ನು ಮಕ್ಕಳ ಕೈಗೆ ಕೊಟ್ಟರೆ ಅವರಿಗೆ ಬರುವ ಕನ್ನಡವೂ ಮರೆತುಹೋದೀತು.

ಹಾಗಾಗಿ ವೆಬ್‌ಸೈಟ್ ಬಿಡಿ. ಎಕ್ಸೆಲ್ ಇದ್ದರೆ ಎಕ್ಸೆಲ್, ಇಲ್ಲದಿದ್ದರೆ ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಸಾಕು. ಅದರಲ್ಲಿ ಪ್ರತಿ ಮನೆಗೂ ನೀವೇ ಅಕ್ಷರ ತುಂಬುವುದರಿಂದ ಗುಣಿತ, ಒತ್ತು, ಸೊನ್ನೆ ಎಲ್ಲ ತಮ್ಮ ತಾಯಿಯ ಸೊಂಟದಲ್ಲೇ ಇರುತ್ತವೆ.

ಪದ ಆರಿಸುವುದು

ನಾನು ಮೊದಲು ಹಿಡಿದದ್ದು ನಮ್ಮ ಜಿಲ್ಲೆಯ 12 ತಾಲ್ಲೂಕುಗಳನ್ನು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ. ಅಕ್ಷರ ಬಿಡಿಸಿ ಎಣಿಸಿದರೆ ಒಟ್ಟು 42. ಹತ್ತು ಸಾಲು, ಹತ್ತು ಕಂಬದ ಚೌಕದಲ್ಲಿ 100 ಮನೆ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ತುಂಬುತ್ತದೆ. ಇದು ಹದವಾದ ಲೆಕ್ಕ. ಪದ ಇದಕ್ಕಿಂತ ತೀರಾ ಕಡಿಮೆಯಾದರೆ ಹುಡುಕುವವರಿಗೆ ಬೇಜಾರು, ಜಾಸ್ತಿಯಾದರೆ ಎಲ್ಲಿ ಪೆನ್ಸಿಲ್ ಇಟ್ಟರೂ ಊರು.

ಮೂರರಿಂದ ಐದು ಅಕ್ಷರದ ಪದ ಒಳ್ಳೆಯದು. ಹೊಳೆಗಳನ್ನು ಹಿಡಿದರೆ ಅಘನಾಶಿನಿ, ಶರಾವತಿ, ಗಂಗಾವಳಿ ಸರಿ. ಕಾಳಿ ಎರಡೇ ಅಕ್ಷರ, ಬೇಡ. ಖಾಲಿ ಮನೆ ತುಂಬುವಾಗ ಇನ್ನೊಂದು ಕಾಳಿ ತಾನಾಗಿ ಹುಟ್ಟಿಕೊಂಡರೆ ಜಗಳ. ಕರಾವಳಿಯವರು ಮೀನಿನ ಹೆಸರು ಹಾಕಬಹುದು: ಬಂಗಡೆ, ಸಿಗಡಿ, ಇಸ್ವಾಣ. ಯಕ್ಷಗಾನದ ಆಟ ನೋಡುವವರ ಮನೆಯಾದರೆ ಭಾಗವತ, ಮದ್ದಳೆ, ಜಾಗಟೆ, ಮುಂಡಾಸು. ಅರ್ಕಾವತ್ತು ಬಂದಾಗ ಮಾತ್ರ ಸ್ವಲ್ಪ ನಿಧಾನ. ‘ಗೋಕರ್ಣ’ ಎಂದರೆ ಗೋ, ಕ, ರ್ಣ. ಅರ್ಕಾವತ್ತಿಗೆ ಬೇರೆ ಮನೆ ಇಲ್ಲ.

ಇನ್ನೊಂದು ಮಾತು. ಶಿರಸಿಯನ್ನು ಸಿರ್ಸಿ ಎಂದು ಬರೆಯುವವರಿದ್ದಾರೆ, ಕುಮಟಾವನ್ನು ಕುಮಟ ಎನ್ನುವವರೂ ಇದ್ದಾರೆ. ಚೌಕದೊಳಗೆ ಹೇಗೆ ಬರೆದಿದ್ದೀರೋ ಕೆಳಗಿನ ಪಟ್ಟಿಯಲ್ಲೂ ಹಾಗೇ ಇರಲಿ.

ಚೌಕ ಹಾಕಿ

ಟೈಪ್ ಮಾಡಲು ಯುನಿಕೋಡ್ ಕೀಲಿಮಣೆಯೇ ಬೇಕು. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿದರಾಯಿತು. ನುಡಿ, ಬರಹ ತಂತ್ರಾಂಶಗಳು ರೂಢಿ ಇದ್ದವರು ಅದರಲ್ಲೇ ಯುನಿಕೋಡ್ ಆಯ್ಕೆ ಮಾಡಿಕೊಳ್ಳಿ. ಹಳೇ ಫಾಂಟಿನಲ್ಲಿ ಟೈಪಿಸಿದ್ದು ನೋಡಲು ಕನ್ನಡ, ಒಳಗೆ ಬರೀ ಇಂಗ್ಲಿಷ್ ಕೀಲಿಗಳು. ಫಾಂಟ್ ಬದಲಾದ ತಕ್ಷಣ ಬಣ್ಣ ಬಯಲು.

ಹತ್ತು ಕಂಬ, ಹತ್ತು ಸಾಲು ಆಯ್ದು ಅಗಲ, ಎತ್ತರ ಎರಡನ್ನೂ 1.5 ಸೆಂಟಿಮೀಟರಿಗೆ ಇಡಿ. ಎಕ್ಸೆಲ್‌ನಲ್ಲಿ ಪೇಜ್ ಲೇಔಟ್ ನೋಟಕ್ಕೆ ಹೋದರೆ ಸೆಂಟಿಮೀಟರಿನಲ್ಲೇ ಅಳತೆ ಕೊಡಬಹುದು. ಒಟ್ಟು 15 ಸೆಂಟಿಮೀಟರ್ ಅಗಲ, ಎ4 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ. ಅಕ್ಷರ ಮಧ್ಯಕ್ಕೆ ಬರಲಿ, ಗಾತ್ರ 20 ಇರಲಿ, ಸುತ್ತ ಗೆರೆ ಇರಲಿ. ಸಾಲಿನ ಎತ್ತರದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಜಾಗ ಸಾಲದಿದ್ದರೆ ಅದರ ಕಾಲು ಕತ್ತರಿಸಿಹೋಗುತ್ತದೆ.

ಈಗ ಪದ ಕೂರಿಸುವುದು. ಉದ್ದ ಪದ ಮೊದಲು, ಸಣ್ಣವು ಆಮೇಲೆ. ಒಂದರ ಮೇಲೊಂದು ಹಾಯಿಸಿದರೆ ಆಟಕ್ಕೆ ರುಚಿ. ಕನ್ನಡದಲ್ಲಿ ಹಾಗೆ ಹಾಯಿಸುವುದು ಸ್ವಲ್ಪ ಕಷ್ಟ, ಯಾಕೆಂದರೆ ಇಡೀ ಅಕ್ಷರ ಹೊಂದಬೇಕು. ಮುಂಡಗೋಡದ ‘ಡ’ ಜೋಯಿಡಾದ ‘ಡಾ’ಕ್ಕೆ ಆಗಿಬರುವುದಿಲ್ಲ. ಆದರೆ ಅದೃಷ್ಟ ನೋಡಿ, ಶಿರಸಿ ಮುಗಿಯುವ ‘ಸಿ’ಯಲ್ಲೇ ಸಿದ್ದಾಪುರ ಶುರು. ಸಿದ್ದಾಪುರದ ‘ಪು’ ಯಲ್ಲಾಪುರಕ್ಕೂ ಬೇಕು. ಕೊನೆಯ ‘ರ’ಕ್ಕೆ ಕಾರವಾರ ಬಂದು ಕೂರುತ್ತದೆ. ಹೀಗೆ:

ಶಿ | ರ | ಸಿ | ಮ | ಟ್ಕ
ಲಾ | ಹ | ದ್ದಾ | ಲಿ | ಳ
ಯ | ಲ್ಲಾ | ಪು | ರ | ಡ
ನ್ನಾ | ಕಾ | ರ | ವಾ | ರ

ಹದಿನೈದು ಅಕ್ಷರದ ನಾಲ್ಕು ಊರು ಹನ್ನೆರಡೇ ಮನೆಯಲ್ಲಿ ಸಂಸಾರ ಮಾಡುತ್ತಿವೆ. ಬಲಗಡೆ ಮೂಲೆಯಲ್ಲಿ ‘ಟ್ಕ’, ಅದರ ಕೆಳಗೆ ‘ಳ’ ಇಟ್ಟಿದ್ದು ಬೇಕೆಂದೇ. ಭಟ್ಕಳ ಸಿಕ್ಕಿತು ಅಂತ ಕಣ್ಣು ಓಡುತ್ತದೆ, ಮೇಲೆ ‘ಭ’ಕ್ಕೆ ಜಾಗವೇ ಇಲ್ಲ. ಎರಡನೇ ಕಂಬದಲ್ಲಿ ‘ಹಲ್ಲಾ’ ಎಂದು ಬಂದದ್ದು ಮಾತ್ರ ನಾನು ಮಾಡಿದ್ದಲ್ಲ, ಅದಾಗಿಯೇ ಆದದ್ದು.

ಸಣ್ಣ ಮಕ್ಕಳಿಗಾದರೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಇಷ್ಟೇ ಸಾಕು. ದೊಡ್ಡವರಿಗೆ ಓರೆಯಾಗಿಯೂ ಹಿಂದುಮುಂದಾಗಿಯೂ ಹಾಕಿ. ತಿರುಗಿಸುವಾಗಲೂ ಅಕ್ಷರ ಅಕ್ಷರವಾಗಿಯೇ ತಿರುಗಿಸಬೇಕು: ರ, ವಾ, ರ, ಕಾ. ‘ವಿಕಟಕವಿ’ ಹಾಕಿದರೆ ಯಾವ ತುದಿಯಿಂದ ಹುಡುಕಿದರೂ ಸಿಗುತ್ತಾನೆ.

ಇಷ್ಟಾದ ಮೇಲೆ ಈ ಹಾಳೆಗೆ ‘ಉತ್ತರ’ ಎಂದು ಹೆಸರಿಟ್ಟು ಹಾಗೇ ಉಳಿಸಿ.

ಖಾಲಿ ಮನೆ ತುಂಬುವುದರಲ್ಲಿದೆ ಗುಟ್ಟು

ನನ್ನ ಮೊದಲ ಪ್ರಯತ್ನ ಮಣ್ಣುಮುಕ್ಕಿದ್ದು ಇಲ್ಲೇ. ಉಳಿದ ಮನೆಗಳಿಗೆ ಸುಮ್ನೆ ಕ, ಚ, ತ, ಪ, ಸ ಎಂದು ಸಿಕ್ಕಿದ್ದು ತುಂಬಿದ್ದೆ. ಮಾಣಿ ಹಾಳೆ ಹಿಡಿದವನು ಅರ್ಧ ಕಪ್ ಚಹಾ ತಣಿಯುವುದರೊಳಗೆ ಪೂರ್ತಿ ಮುಗಿಸಿ ವಾಪಸ್ ಕೊಟ್ಟ. ಹೇಗೋ ಅಂದರೆ, ‘ಒತ್ತು, ದೀರ್ಘ ಎಲ್ಲಿದ್ದು ನೋಡಿದ್ರೆ ಆತು ಮಾವ’ ಅಂದ.

ಸರಿಯಲ್ವಾ? ಬರಿಯ ಅಕ್ಷರಗಳ ಗದ್ದೆಯಲ್ಲಿ ‘ನ್ನಾ’ ಒಂದೇ ಒಂದು ಇದ್ದರೆ ಅದು ಹೊನ್ನಾವರವೇ. ಬೆದರುಬೊಂಬೆಯ ಹಾಗೆ ದೂರದಿಂದಲೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಈ ತಾಪತ್ರಯ ಇಷ್ಟಿಲ್ಲ, ಅಲ್ಲಿರುವುದೇ 26 ಅಕ್ಷರ. ನಮ್ಮ ಕಾಗುಣಿತವೇ ನೂರಾರು, ಒತ್ತಕ್ಷರ ಸೇರಿದರೆ ಎಣಿಸುವುದೇ ಬೇಡ.

ಉಪಾಯ ಇಷ್ಟೇ. ಖಾಲಿ ಮನೆಗೆ ಹೊರಗಿನ ಅಕ್ಷರ ತರಬೇಡಿ, ಪದಗಳದ್ದೇ ಅಕ್ಷರ ಬಳಸಿ. ನಮ್ಮ 42 ಅಕ್ಷರಗಳನ್ನು ಬೇರೊಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಒಂದೇ ಅಕ್ಷರ ಮತ್ತೆ ಬಂದರೆ ಮತ್ತೆ ಬರೆಯಿರಿ, ಅಳಿಸಬೇಡಿ. ‘ರ’ ಆರು ಸಲ ಬರುತ್ತದೆ. ಹಾಗಾಗಿ ಚೌಕದಲ್ಲೂ ‘ರ’ ಜಾಸ್ತಿ ಬಿದ್ದು ಊರುಗಳ ನಡುವೆ ಬೆರೆತುಹೋಗುತ್ತದೆ. ‘ನ್ನಾ’, ‘ಟ್ಕ’, ‘ದ್ದಾ’, ‘ಲ್ಲಾ’ ಒಂದೊಂದೇ ಸಲ ಬರುವುದರಿಂದ ಇವನ್ನು ಮಾತ್ರ ಎರಡೆರಡು ಸಲ ಹೆಚ್ಚಿಗೆ ಬರೆಯಿರಿ. ಪಟ್ಟಿ 50 ಆಯಿತು.

ತುಂಬುವ ಕೆಲಸ ಕಂಪ್ಯೂಟರಿಗೆ ಬಿಡಬಹುದು. ‘ಇಂಡೆಕ್ಸ್’ ಎಂಬ ಸೂತ್ರಕ್ಕೆ ಈ ಪಟ್ಟಿಯನ್ನು ಕೊಟ್ಟು, ಎಷ್ಟನೆಯದು ಎಂಬ ಜಾಗದಲ್ಲಿ ‘ರಾಂಡ್‌ಬಿಟ್ವೀನ್’ ಸೂತ್ರದಿಂದ 1ರಿಂದ 50ರೊಳಗೆ ಒಂದು ಸಂಖ್ಯೆ ಎತ್ತಿಸಿ. ಪಟ್ಟಿಯ ವಿಳಾಸವನ್ನು ಡಾಲರ್ ಚಿಹ್ನೆ ಹಾಕಿ ಬಿಗಿ ಮಾಡಿ, ಇಲ್ಲದಿದ್ದರೆ ಎಳೆದ ಹಾಗೆ ಜಾರುತ್ತದೆ. ಹೊಸ ಹಾಳೆಯಲ್ಲಿ ಒಂದು ಮನೆಗೆ ಇದನ್ನು ಬರೆದು ಹತ್ತಕ್ಕೆ ಹತ್ತು ಎಳೆದರೆ ನೂರು ಅಕ್ಷರ ಚಕಚಕ ಬೀಳುತ್ತವೆ. ಇದು ನೀವು ಎಲ್ಲಿ ಏನು ಟೈಪ್ ಮಾಡಿದರೂ ಮತ್ತೆ ಮತ್ತೆ ಬದಲಾಗುವ ಸೂತ್ರ. ಆದ್ದರಿಂದ ತಕ್ಷಣ ಪೂರ್ತಿ ಕಾಪಿ ಮಾಡಿ, ಅದೇ ಜಾಗಕ್ಕೆ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆಯ್ದು ಅಂಟಿಸಿ. ಸೂತ್ರ ಹೋಗಿ ಅಕ್ಷರ ಉಳಿಯುತ್ತದೆ.

ಕೊನೆಗೆ ‘ಉತ್ತರ’ ಹಾಳೆಯ ಚೌಕ ಕಾಪಿ ಮಾಡಿ ಈ ನೂರರ ಮೇಲೆ ಪೇಸ್ಟ್ ಸ್ಪೆಷಲ್ ಮಾಡಿ. ಈ ಸಲ ‘ಸ್ಕಿಪ್ ಬ್ಲ್ಯಾಂಕ್ಸ್’ ಎಂಬುದಕ್ಕೆ ಟಿಕ್ ಹಾಕಬೇಕು. ಲಿಬ್ರೆ ಆಫೀಸಿನಲ್ಲಿ ಅದರ ಹೆಸರು ‘ಸ್ಕಿಪ್ ಎಂಪ್ಟಿ ಸೆಲ್ಸ್’. ಊರುಗಳು ತಮ್ಮ ಜಾಗದಲ್ಲಿ ಕೂರುತ್ತವೆ, ಖಾಲಿ ಇದ್ದಲ್ಲಿ ಮೊದಲಿನ ಅಕ್ಷರವೇ ಇರುತ್ತದೆ.

ಪ್ರೋಗ್ರಾಮಿಂಗ್ ಗೊತ್ತಿರುವವರು ಪೈಥಾನ್‌ನಲ್ಲಿ ಎಲ್ಲವನ್ನೂ ಒಂದೇ ಸಲ ಮಾಡಿಯಾರು. ಅವರು ಒಂದು ನಿಯಮ ಮರೆಯದಿದ್ದರೆ ಸಾಕು: ಸ್ವರ ಅಥವಾ ವ್ಯಂಜನ ಬಂದಾಗ ಹೊಸ ಮನೆ, ಆದರೆ ಅದಕ್ಕಿಂತ ಮೊದಲು ಅರ್ಧಾಕ್ಷರದ ಚಿಹ್ನೆ ಬಂದಿದ್ದರೆ ಹಳೇ ಮನೆಯೇ. ಉಳಿದ ಚಿಹ್ನೆಗಳೆಲ್ಲ ಹಿಂದಿನದಕ್ಕೇ ಅಂಟುತ್ತವೆ.

ಪ್ರಿಂಟ್ ಕೊಡುವ ಮೊದಲು ಚೌಕವನ್ನು ಎಲ್ಲ ದಿಕ್ಕಿನಿಂದಲೂ ಒಮ್ಮೆ ಓದಿ. ಕನ್ನಡದಲ್ಲಿ ಎರಡಕ್ಷರಕ್ಕೇ ಪದ ಆಗಿಬಿಡುತ್ತದೆ. ಮರ, ವರ, ಹರ, ಶಿರ ಎಲ್ಲ ನಮ್ಮ ಪಟ್ಟಿಯ ಅಕ್ಷರಗಳಿಂದಲೇ ಹುಟ್ಟುತ್ತವೆ. ನಾಲ್ಕು ಜನರ ಮುಂದೆ ಓದಬಾರದ್ದು ಹುಟ್ಟಿದ್ದರೆ ಒಂದಕ್ಷರ ಬದಲಿಸಿ. ಒಳ್ಳೆಯವು ಇದ್ದರೆ ಇರಲಿ. ನಮ್ಮ ಆಯಿ ಪಟ್ಟಿಯ ಊರುಗಳನ್ನು ಬಿಟ್ಟು ಇಂಥವನ್ನೇ ಹನ್ನೊಂದು ಹುಡುಕಿ, ಅದಕ್ಕೂ ಮಾರ್ಕು ಕೊಡು ಎಂದು ಕೂತರು. ಆಮೇಲೆ ಅದೇ ನಿಯಮವಾಯಿತು: ಪಟ್ಟಿಯ ಪದಕ್ಕೆ ಎರಡು ಮಾರ್ಕು, ಹೊರಗಿನದಕ್ಕೆ ಒಂದು.

ಮನೆಯಲ್ಲಿ ಪ್ರಿಂಟರ್ ಇಲ್ಲದಿದ್ದರೆ ಎಕ್ಸೆಲ್ ಫೈಲನ್ನೇ ಝೆರಾಕ್ಸ್ ಅಂಗಡಿಗೆ ಒಯ್ಯಬೇಡಿ, ಪಿಡಿಎಫ್ ಮಾಡಿ ಒಯ್ಯಿರಿ. ನಾನು ಒಮ್ಮೆ ಹಾಗೇ ಒಯ್ದು, ಅಲ್ಲಿ ನನ್ನ ಫಾಂಟ್ ಇಲ್ಲದೆ ಚೌಕ ಎರಡು ಪುಟಕ್ಕೆ ಹರಿದುಹೋಗಿ, ಇಪ್ಪತ್ತು ಪ್ರತಿಗೆ ದುಡ್ಡು ಕೊಟ್ಟು ಬಂದೆ. ಉತ್ತರವನ್ನು ಅದೇ ಹಾಳೆಯ ಹಿಂದೆ ಅಚ್ಚು ಹಾಕಿಸಬೇಡಿ, ಬೆಳಕಿಗೆ ಹಿಡಿದರೆ ಕಾಣುತ್ತದೆ.

ಇನ್ನೂ ಒಂದು ಮಜಾ ಬೇಕಿದ್ದರೆ, ಖಾಲಿ ಮನೆಗಳ ಪೈಕಿ ಮೇಲಿನಿಂದ ಮೊದಲ ಹತ್ತರಲ್ಲಿ ಒಂದು ಗುಟ್ಟಿನ ಸಾಲು ಇಡಬಹುದು. ಊರುಗಳಿಗೆಲ್ಲ ಸುತ್ತು ಹಾಕಿ ಮುಗಿದ ಮೇಲೆ ಉಳಿದದ್ದನ್ನು ಸಾಲಾಗಿ ಓದಿದರೆ ಗೊತ್ತಾಗುವ ಹಾಗೆ. ಮಾಣಿ ಹೊರಡುವ ಹಿಂದಿನ ದಿನ ನಾನು ಇಟ್ಟದ್ದು ‘ಡಬ್ಬಿಯಲ್ಲಿ ತೊಡದೇವು ಇದೆ’. ಸರಿಯಾಗಿ ಹತ್ತು ಅಕ್ಷರ. ತೊಡದೇವು ಅಂದರೆ ನಮ್ಮ ಕಡೆಯ ಸಿಹಿ ತಿಂಡಿ. ಅವನು ಇನ್ನೂ ಮುಂಡಗೋಡ ಹುಡುಕುತ್ತಿದ್ದ. ಕನ್ನಡಕ ಏರಿಸಿಕೊಂಡು ಹಿಂದಿನಿಂದ ಇಣುಕಿದ ಆಯಿ ಸದ್ದಿಲ್ಲದೆ ಅಡುಗೆಮನೆ ಕಡೆ ಎದ್ದು ಹೋದರು.