ಬತ್ತಿದ ಎಮ್ಮೆಗೆ ನಾನು ಏನು ಹಾಕ್ತೀನಿ

ಮುಂಬೈನ ಗೋರೆಗಾಂವ್ ಕಡೆಯ ತಬೇಲಾಗಳಲ್ಲಿ, ಅಂದರೆ ಹಾಲಿನ ಎಮ್ಮೆ ಕಟ್ಟುವ ಕೊಟ್ಟಿಗೆಗಳಲ್ಲಿ, ಮೊದಲಿಂದ ನಡೆದು ಬಂದಿರೋದು ಒಂದೇ ರೀತಿ. ಈದ ಎಮ್ಮೆ ತರುವುದು, ಕರೆಯುವುದು, ಬತ್ತಿದ ಮೇಲೆ ಮಾರುವುದು. ಬಾಡಿಗೆ ಜಾಗದಲ್ಲಿ ಹಾಲಿಲ್ಲದ ಎಮ್ಮೆಗೆ ಯಾರು ಮೇವು ಹಾಕ್ತಾರೆ? ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಜಾಸ್ತಿ ಹಾಲು ಕೊಡೋ ಮುರ್ರಾ ತಳಿಯ ಎಮ್ಮೆಯ ಬೆಲೆ ಏರುತ್ತಲೇ ಹೋಯಿತು, ಹತ್ತು ಲೀಟರ್ ಕೊಟ್ಟ ಎಮ್ಮೆಯನ್ನು ಕಳಿಸೋಕೆ ಮನಸ್ಸೂ ಬರಲಿಲ್ಲ. ನಾಲ್ಕನ್ನು ಇಟ್ಟುಕೊಂಡೆ.

ಮೊದಲನೇದರಲ್ಲೇ ಪೆಟ್ಟು ತಿಂದೆ. ಹಾಲು ಜಾಸ್ತಿ ಬರಲಿ ಅಂತ ಈಯುವ ಒಂದು ತಿಂಗಳ ಮುಂಚಿನಿಂದ ದಿನಾ ಕ್ಯಾಲ್ಸಿಯಂ ಕುಡಿಸಿದ್ದೆ. ಈದ ಮರುದಿನ ಎಮ್ಮೆ ಮಲಗಿದ್ದು ಏಳಲೇ ಇಲ್ಲ. ಕಿವಿ ತಣ್ಣಗಾಗಿತ್ತು, ಕತ್ತು ಪಕ್ಕೆಗೆ ತಿರುಗಿತ್ತು. ಡಾಕ್ಟರ್ ಬಂದು ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ನರಕ್ಕೆ ಏರಿಸಿದರು, ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು. "ಈಯೋಕೆ ಮುಂಚೆ ಏನು ಕೊಟ್ಟಿದ್ರಿ?" ಅಂತ ಕೇಳಿದರು. ಹೇಳಿದೆ. ಹೊರಗಿಂದ ಧಾರಾಳವಾಗಿ ಸಿಗುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಕೆಲಸವನ್ನು ಮೈ ಬಿಟ್ಟುಬಿಡುತ್ತದಂತೆ, ಈದ ಕೂಡಲೇ ಗಿಣ್ಣಿಗೆ ಒಮ್ಮೆಲೇ ಬೇಕಾದಾಗ ರಕ್ತದಲ್ಲಿ ಇರುವುದಿಲ್ಲ, ಎಮ್ಮೆ ಬೀಳುತ್ತದೆ. ಒಳ್ಳೇದು ಅಂತ ಮಾಡಿದ್ದೇ ಅದನ್ನು ಕೆಡವಿತ್ತು. ಈಗ ಕೊನೆಯ ಮೂರು ವಾರ ಕ್ಯಾಲ್ಸಿಯಂ ಇಲ್ಲ, ಕ್ಯಾಲ್ಸಿಯಂ ಜಾಸ್ತಿ ಇರೋ ಕುದುರೆ ಮೆಂತ್ಯದ ಸೊಪ್ಪೂ ಇಲ್ಲ. ಈದ ದಿನದಿಂದ ಶುರು.

ಗಬ್ಬ ನಿಂತ ತಾರೀಕು ಗೋಡೆ ಮೇಲೆ ಬರೆದಿರುತ್ತೇನೆ. ಎಮ್ಮೆಗೆ ಸುಮಾರು 310 ದಿನ. ಕೊನೆಯ 60 ದಿನ ಕರೆಯುವುದು ಬಂದ್, ಕೆಚ್ಚಲಿಗೆ ವಿಶ್ರಾಂತಿ ಬೇಕು. ಆ 60 ದಿನದಲ್ಲಿ ಮೊದಲ ತಿಂಗಳು ಪ್ಯಾರಾ ಹುಲ್ಲು, ಜೋಳದ ಕಣಿಕೆ, ಒಂದು ಕಿಲೋ ಹಿಂಡಿ-ಬೂಸಾ ಸಾಕು. ಆಮೇಲೆ ಈದ ಮೇಲೆ ತಿನ್ನಬೇಕಾದ ಅದೇ ಹಿಂಡಿಯನ್ನೇ ಸ್ವಲ್ಪ ಸ್ವಲ್ಪ ಏರಿಸಿ ಎರಡೂವರೆ, ಮೂರು ಕಿಲೋಗೆ ತರುತ್ತೇನೆ, ಹೊಟ್ಟೆ ಮೊದಲೇ ರೂಢಿಯಾಗಲಿ ಅಂತ. ಕೊಬ್ಬೋ ಹಾಗೆ ಮಾತ್ರ ತಿನ್ನಿಸಬೇಡಿ. ಕೊಬ್ಬಿದ ಎಮ್ಮೆ ಈದ ಮೇಲೆ ಮೇವು ಮುಟ್ಟೋದೇ ಕಡಿಮೆ.

ಈದ ಮೇಲೆ ಹಾಲು ಬೇಗ ಏರುತ್ತದೆ, ಹಸಿವು ಹಿಂದೆ ಉಳಿಯುತ್ತದೆ. ಆ ಕೊರತೆಯನ್ನು ಎಮ್ಮೆ ತನ್ನ ಮೈ ಕರಗಿಸಿ ತುಂಬುತ್ತದೆ, ಪಕ್ಕೆಲುಬು ಎದ್ದು ಕಾಣುತ್ತವೆ, ಬೆದೆ ಮುಂದೆ ಹೋಗುತ್ತದೆ. ಹಾಗಂತ ಒಂದೇ ದಿನ ಹತ್ತಿ ಹಿಂಡಿ ಸುರಿದರೆ ಸಗಣಿ ತೆಳ್ಳಗಾಗಿ ಮೇವೇ ಬಿಡುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಅರ್ಧ ಕಿಲೋ ಏರಿಸಿ, ಎರಡು ಲೀಟರ್ ಹಾಲಿಗೆ ಒಂದು ಕಿಲೋ ಲೆಕ್ಕಕ್ಕೆ ತಂದು ನಿಲ್ಲಿಸುತ್ತೇನೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಲ್ಲ. ಮೊದಲ ಎರಡು ತಿಂಗಳು 150 ಗ್ರಾಂ ಬೈಪಾಸ್ ಫ್ಯಾಟ್ (ಮೊದಲ ಹೊಟ್ಟೆ ದಾಟಿ ಮುಂದೆ ಹೋಗಿ ಅರಗುವ ಕೊಬ್ಬು) ಕೂಡ ಸೇರಿಸುತ್ತೇನೆ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಎರಡು ಸಲ ಮೈಗೆ ನೀರು, ಸೆಕೆಗೆ ಬೆದೆ ಅಡಗಿಬಿಡುತ್ತದೆ.

ಎಮ್ಮೆಯ ಬೆದೆ ಆಕಳಿನಷ್ಟು ಎದ್ದು ಕಾಣಲ್ಲ, ಬಹಳ ಸಲ ರಾತ್ರಿಯೇ ಬಂದು ಹೋಗುತ್ತದೆ. ಅದಕ್ಕೇ ರಾತ್ರಿ ಹತ್ತಕ್ಕೆ, ಬೆಳಗ್ಗೆ ನಾಲ್ಕಕ್ಕೆ ಬ್ಯಾಟರಿ ಹಿಡಿದು ಒಂದು ಸುತ್ತು ಹಾಕುತ್ತೇನೆ, ಅಂಟು ಲೋಳೆ ಇದೆಯಾ, ಪದೇ ಪದೇ ಉಚ್ಚೆ ಹೊಯ್ಯುತ್ತಿದೆಯಾ ಅಂತ. ಅವತ್ತು ಬಿದ್ದಿದ್ದ ಅದೇ ಎಮ್ಮೆ ಮುಂದಿನ ಸಲ ಈದು 75ನೇ ದಿನ ರಾತ್ರಿ ಬೆದೆಗೆ ಬಂದು ಒದರಿತು. ಬೆಳಗ್ಗೆ ಗಬ್ಬ ಕಟ್ಟುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದೆ. ಮೂರು ತಿಂಗಳಿಗೆ ಡಾಕ್ಟರ್ ಕೈ ಹಾಕಿ ನೋಡಿ ಗಬ್ಬ ನಿಂತಿದೆ ಅಂದರು.