ರೈಜೋಬಿಯಂ ಪ್ಯಾಕೆಟ್ ತರುವ ಮೊದಲು ಬೇರು ನೋಡಿ

ಸೋಯಾಬೀನ್ ಬಿತ್ತಿ 40 ದಿನ ಆಯ್ತು, ಎಲೆ ಹಳದಿ ತಿರುಗುತ್ತಿದೆ, ಏನು ಹೊಡೆಯಲಿ ಅಂತ ಕೇಳುವವರು ಜಾಸ್ತಿ. ಏನೂ ಹೊಡೆಯುವ ಮೊದಲು ಒಂದು ಗಿಡ ಅಗೆದು ಬೇರು ನೋಡಿ. ಸೋಯಾ, ಕಡಲೆ, ತೊಗರಿ, ಹೆಸರು, ಶೇಂಗಾ ಯಾವುದೇ ಇರಲಿ, ದ್ವಿದಳ ಬೆಳೆಗೆ ಗಾಳಿಯ ಸಾರಜನಕ ಸಿಗುತ್ತಿದೆಯೋ ಇಲ್ಲವೋ ಅನ್ನುವುದು ಬೇರಿನ ಗಂಟಿನಲ್ಲಿ ಗೊತ್ತಾಗುತ್ತದೆ. ಆ ಗಂಟು ಆಗುವುದಕ್ಕೆ ಗಿಡದ ಜೀನ್‌ಗಳೂ ಬೇಕು, ಮಣ್ಣಿನ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾದ (ಪ್ಯಾಕೆಟ್‌ನಲ್ಲಿ ಬರುವುದೂ ಇದೇ) ಜೀನ್‌ಗಳೂ ಬೇಕು. ಇದಿಷ್ಟು ಅರ್ಥವಾದರೆ ಯಾವ ಪ್ಯಾಕೆಟ್ ತರಬೇಕು, ಯಾವಾಗ ಯೂರಿಯಾ ಹಾಕಬಾರದು ಅನ್ನುವುದನ್ನು ನೀವೇ ತೀರ್ಮಾನ ಮಾಡಬಹುದು.

ಬೇರು ನೋಡುವುದು ಹೇಗೆ

ಗಿಡವನ್ನು ಕೈಯಲ್ಲಿ ಹಿಡಿದು ಕೀಳಬೇಡಿ. ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ, ಗಂಟೇ ಇಲ್ಲ ಅಂತ ನೀವು ತಪ್ಪು ತಿಳಿಯುತ್ತೀರಿ. ಬುಡದಿಂದ ಒಂದು ಗೇಣು ಬಿಟ್ಟು ಸುತ್ತಲೂ ಸಲಿಕೆ ಹಾಕಿ, ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಯಲು ಬಿಡಿ. ಎರೆ ಮಣ್ಣಾದರೆ ತುಸು ಹೆಚ್ಚು ಹೊತ್ತು ಬೇಕು. ಮಣ್ಣು ತಾನಾಗಿ ಕರಗಿದ ಮೇಲೆ ಮೆಲ್ಲಗೆ ಅಲುಗಾಡಿಸಿ ತೊಳೆಯಿರಿ. ಹೊಲದ ನಾಲ್ಕೈದು ಕಡೆಯಿಂದ ಗಿಡ ತೆಗೆಯಿರಿ, ಬದುವಿನ ಪಕ್ಕದ್ದು ಬೇಡ. ಹೂ ಶುರುವಾಗುವ ಹೊತ್ತು ಇದಕ್ಕೆ ಸರಿಯಾದ ಸಮಯ.

ಸೋಯಾ, ತೊಗರಿ, ಹೆಸರು, ಅಲಸಂದೆಯಲ್ಲಿ ಗಂಟು ಗುಂಡಗಿರುತ್ತದೆ. ಕಡಲೆ, ಬಟಾಣಿಯಲ್ಲಿ ತುದಿ ಬೆಳೆಯುತ್ತಲೇ ಹೋಗುವುದರಿಂದ ಉದ್ದುದ್ದ, ಕೆಲವೊಮ್ಮೆ ಕವಲೊಡೆದು ಕಾಣುತ್ತದೆ. ಶೇಂಗಾದಲ್ಲಿ ಪಕ್ಕದ ಬೇರು ಹೊರಡುವ ಸಂದಿಯಲ್ಲೇ ಗಂಟು ಹುಡುಕಿ. ಬೇರೆ ಬೆಳೆಗಳಲ್ಲಿ ಬ್ಯಾಕ್ಟೀರಿಯಾ ಬೇರಿನ ಸಣ್ಣ ರೋಮದ ಮೂಲಕ ಒಳಗೆ ಹೋದರೆ, ಶೇಂಗಾದಲ್ಲಿ ಪಕ್ಕದ ಬೇರು ಒಡೆದುಕೊಂಡು ಬರುವ ಬಿರುಕಿನಿಂದ ನುಗ್ಗುತ್ತದೆ.

ಜಂತುಹುಳು (ಬೇರಿಗೆ ಬೀಳುವ ಕಣ್ಣಿಗೆ ಕಾಣದ ನೆಮಟೋಡ್) ಬಿದ್ದ ಬೇರೂ ಗಂಟುಗಂಟಾಗಿರುತ್ತದೆ, ಎಷ್ಟೋ ಜನ ಅದನ್ನೇ ಒಳ್ಳೆಯ ಗಂಟು ಅಂದುಕೊಳ್ಳುತ್ತಾರೆ. ಬೆರಳಿನಿಂದ ಉಜ್ಜಿ ನೋಡಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಸುಲಭವಾಗಿ ಕಳಚಿ ಬರುತ್ತದೆ. ಜಂತುಹುಳುವಿನದು ಬೇರೇ ಊದಿಕೊಂಡಿರುವುದು, ಕಳಚುವುದಿಲ್ಲ.

ಈಗ ಬ್ಲೇಡು ತಗೊಂಡು ಗಂಟನ್ನು ಎರಡು ಹೋಳು ಮಾಡಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಸಾರಜನಕ ತಯಾರಾಗುತ್ತಿದೆ. ಬಿಳಿ ಇದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ಒಳಗಿರುವ ಬ್ಯಾಕ್ಟೀರಿಯಾ ಕೆಲಸಕ್ಕೆ ಬಾರದ್ದು. ಹಸಿರು ಅಂದರೆ ವಯಸ್ಸಾಗಿದೆ, ಕಂದು ಅಂದರೆ ಮುಗಿದಿದೆ. ಆ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿ. ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವದ ಜೀನ್‌ಗಳು ಬ್ಯಾಕ್ಟೀರಿಯಾದಲ್ಲಿವೆ. ಆದರೆ ಆ ಕಿಣ್ವ ಆಮ್ಲಜನಕ ತಗುಲಿದರೆ ಹಾಳಾಗುತ್ತದೆ. ಅದನ್ನು ಕಾಪಾಡುವ ಕೆಂಪು ಪ್ರೋಟೀನಿನ ಜೀನ್ ಗಿಡದಲ್ಲಿದೆ. ಕತ್ತರಿಸಿದ ಆ ಸಣ್ಣ ಗಂಟಿನಲ್ಲಿ ಎರಡು ಜೀವಿಗಳ ಜೀನ್‌ಗಳು ಒಟ್ಟಿಗೆ ಕೆಲಸ ಮಾಡುವುದನ್ನು ಬರಿಗಣ್ಣಿನಲ್ಲೇ ನೋಡಬಹುದು, ಲ್ಯಾಬ್ ಏನೂ ಬೇಡ.

ಯಾವ ಪ್ಯಾಕೆಟ್ ಯಾವ ಬೆಳೆಗೆ

ರೈಜೋಬಿಯಂ ಅಂತ ಬರೆದಿದೆಯಲ್ಲ, ಯಾವುದಾದರೂ ಆಗುತ್ತದೆ ಅನ್ನಬೇಡಿ, ಬೆಳೆಯ ಹೆಸರು ಕೇಳಿಯೇ ತಗೊಳ್ಳಿ. ಕಾರಣ ಇಷ್ಟು. ಬೇರು ಮಣ್ಣಿಗೆ ಫ್ಲೇವನಾಯ್ಡ್ ಅನ್ನುವ ರಾಸಾಯನಿಕ ಬಿಡುತ್ತದೆ, ಸೋಯಾದಲ್ಲಿ ಅದು ಡೈಡ್ಜೀನ್ ಮತ್ತು ಜೆನಿಸ್ಟೀನ್. ಬ್ಯಾಕ್ಟೀರಿಯಾದ ನಾಡ್-ಡಿ ಜೀನ್ ತಯಾರಿಸುವ ಪ್ರೋಟೀನ್ ಅದನ್ನು ಗುರುತಿಸಿದರೆ ಉಳಿದ ನಾಡ್ ಜೀನ್‌ಗಳು ಎದ್ದು, ನಾಡ್ ಫ್ಯಾಕ್ಟರ್ ಅನ್ನುವ ಅಣುವನ್ನು ತಯಾರಿಸಿ ಗಿಡಕ್ಕೆ ಕಳಿಸುತ್ತವೆ. ಬೇರಿನ ಮೇಲಿರುವ ಎನ್‌ಎಫ್‌ಆರ್1, ಎನ್‌ಎಫ್‌ಆರ್5 ಅನ್ನುವ ಎರಡು ಗ್ರಾಹಕಗಳು (ಸಂಕೇತ ಹಿಡಿಯುವ ಪ್ರೋಟೀನ್‌ಗಳು) ಅದನ್ನು ಹಿಡಿಯಬೇಕು. ನಾಡ್ ಫ್ಯಾಕ್ಟರ್‌ನ ಆಕಾರ ಒಂದೊಂದು ಬ್ಯಾಕ್ಟೀರಿಯಾದಲ್ಲಿ ಒಂದೊಂದು ಥರ, ಗ್ರಾಹಕವೂ ಒಂದೊಂದು ಬೆಳೆಯಲ್ಲಿ ಒಂದೊಂದು ಥರ. ಅದು ಹೊಂದಲಿಲ್ಲ ಅಂದರೆ ಬಾಗಿಲು ತೆರೆಯುವುದೇ ಇಲ್ಲ. ಹೊಂದಿದರೆ ಬೇರಿನ ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿಳಿತ ಶುರುವಾಗಿ, ನಿನ್ ಅನ್ನುವ ಜೀನ್ ಎದ್ದು, ಗಂಟು ಕಟ್ಟುವ ಕೆಲಸ ಆರಂಭವಾಗುತ್ತದೆ.

ಒಂದೇ ಜೀನ್ ಕೆಟ್ಟರೆ ಏನಾಗುತ್ತದೆ ಅನ್ನುವುದು ಸೋಯಾದಲ್ಲಿ ಬಹಳ ಹಿಂದೆಯೇ ಕಂಡಿದೆ. 1954ರಲ್ಲಿ ಅಮೆರಿಕದ ಸಂಶೋಧಕರು ಗಂಟೇ ಕಟ್ಟದ ಸೋಯಾ ಗಿಡದ ಬಗ್ಗೆ ಬರೆದರು, ಅದು ಒಂದೇ ಒಂದು ಜೀನಿನ ದೋಷ. ಅದು ಇದೇ ಎನ್‌ಎಫ್‌ಆರ್1 ಗ್ರಾಹಕದ ಜೀನ್ ಅನ್ನುವುದು ಆಮೇಲೆ ಗೊತ್ತಾಯಿತು. ಶೇಂಗಾದಲ್ಲೂ ಗಂಟಿಲ್ಲದ ಗಿಡಗಳು ಸಿಕ್ಕಿವೆ. ಆದರೆ ಅಲ್ಲಿ ಒಂದೇ ಕೆಲಸದ ಎರಡು ಜೀನ್ ಇರುವುದರಿಂದ ಎರಡೂ ಕೆಟ್ಟರೆ ಮಾತ್ರ ಗಂಟು ತಪ್ಪುತ್ತದೆ.

ಸರಿ, ಅಂಗಡಿ ಮಾತಿಗೆ ಬರೋಣ. ಸೋಯಾಗೆ ಬ್ರಾಡಿರೈಜೋಬಿಯಂ ಜಪೋನಿಕಂ ಗುಂಪಿನದು ಬೇಕು. ಕಡಲೆಗೆ ಮೀಸೋರೈಜೋಬಿಯಂ. ಬಟಾಣಿಗೆ ಇನ್ನೊಂದು. ತೊಗರಿ, ಹೆಸರು, ಉದ್ದು, ಅಲಸಂದೆ, ಹುರುಳಿ, ಶೇಂಗಾ ಮಾತ್ರ ಅಷ್ಟು ಹಟ ಮಾಡುವುದಿಲ್ಲ, ನಮ್ಮ ಮಣ್ಣಿನಲ್ಲಿ ಮೊದಲಿನಿಂದ ಇರುವ ಅನೇಕ ಬ್ರಾಡಿರೈಜೋಬಿಯಂಗಳ ಜೊತೆ ಹೊಂದಿಕೊಳ್ಳುತ್ತವೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಮೂಲದಲ್ಲಿ ಸೋಯಾ ಪೂರ್ವ ಏಷ್ಯಾದ ಬೆಳೆ. ಬೀದರ್, ಬೆಳಗಾವಿ, ಧಾರವಾಡದ ಕಡೆ ಈಗ ಅದು ಮಾಮೂಲಿ, ಆದರೂ ನಿಮ್ಮ ಹೊಲದಲ್ಲಿ ಇದೇ ಮೊದಲ ಸಲ ಅಂದರೆ ಬೀಜೋಪಚಾರ ಬಿಡಲೇಬೇಡಿ. ಹೊಸ ಹೊಲದಲ್ಲಿ ಕಡಲೆ ಹಾಕುವವರಿಗೂ ಇದೇ ಮಾತು. ಶೇಂಗಾ, ತೊಗರಿ ವರ್ಷಗಟ್ಟಲೆ ಬೆಳೆದ ಹೊಲದಲ್ಲಿ ಮಾತ್ರ ಪ್ಯಾಕೆಟ್‌ನಿಂದ ಅಷ್ಟೇ ದೊಡ್ಡ ಲಾಭ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಆಗಲೇ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾ ಪ್ಯಾಕೆಟ್‌ನದಕ್ಕಿಂತ ಮೊದಲು ಬೇರು ಸೇರುತ್ತದೆ, ಅದು ಚೆನ್ನಾಗಿ ಸಾರಜನಕ ಹಿಡಿಯುವಂಥದ್ದೇ ಆಗಿರಬೇಕಿಲ್ಲ. ಗಂಟು ತುಂಬಾ ಇದ್ದು, ಕೊಯ್ದರೆ ಎಲ್ಲ ಬಿಳಿ ಅನ್ನುವ ಹೊಲಗಳಿರುವುದು ಇದಕ್ಕೇ.

ಬೀಜಕ್ಕೆ ಲೇಪಿಸುವಾಗ

ಪುಡಿ ರೂಪದ್ದಾದರೆ 10 ಕೆಜಿ ಬೀಜಕ್ಕೆ 200 ಗ್ರಾಂ ಪ್ಯಾಕೆಟ್ ಒಂದು ಸಾಕು. ನಮ್ಮ ದೇಶದ ನಿಯಮದ ಪ್ರಕಾರ ಪುಡಿಯ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಜೀವಂತ ಅನ್ನುವುದು ಮುಖ್ಯ. ತಾರೀಕು ನೋಡಿ, ಬಿಸಿಲಿಗೆ ಬಿದ್ದ ಅಂಗಡಿಯ ಪ್ಯಾಕೆಟ್ ಬೇಡ, ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಇಟ್ಟು ತರಬೇಡಿ. ಧಾರವಾಡ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೇಳಿ ತರಬಹುದು.

ಬೆಲ್ಲ ಹಾಕಿ ನೀರು ಕುದಿಸಿ, ಪೂರ್ತಿ ಆರಿಸಿ. ಉಗುರುಬೆಚ್ಚಗಿದ್ದರೂ ಕಾಯಿರಿ. ಅದರಲ್ಲಿ ಪುಡಿ ಕಲಸಿ, ಗೋಣಿಚೀಲದ ಮೇಲೆ ಹರಡಿದ ಬೀಜಕ್ಕೆ ಚಿಮುಕಿಸಿ, ಬೀಜ ತೊಯ್ಯದೆ ಬರೀ ಕಪ್ಪಗೆ ಲೇಪ ಹಿಡಿಯುವಷ್ಟು ಮಾತ್ರ ಹಾಕಿ ಮಗುಚಿ. ಶೇಂಗಾ ಬೀಜವನ್ನು ಅಂಗೈಯಲ್ಲಿ ಉಜ್ಜಬೇಡಿ, ಸಿಪ್ಪೆ ಸುಲಿದರೆ ಮೊಳಕೆ ಕೆಡುತ್ತದೆ, ಎರಡೂ ಕೈಯಲ್ಲಿ ಕೆಳಗಿನಿಂದ ಎತ್ತಿ ಎತ್ತಿ ಬಿಡಿ. ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿ. ಶಿಲೀಂಧ್ರನಾಶಕ ಹಾಕಲೇಬೇಕಿದ್ದರೆ ಅದು ಮೊದಲು, ಒಣಗಿದ ಮೇಲೆ ಕೊನೆಗೆ ರೈಜೋಬಿಯಂ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಕಲಸಿದರೆ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ.

ಯೂರಿಯಾ ವಿಷಯ

ಗಂಟು ಸಾಕುವುದು ಗಿಡಕ್ಕೆ ದುಬಾರಿ, ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಬೇರಿಗೆ ಇಳಿಸಿ ಬ್ಯಾಕ್ಟೀರಿಯಾಕ್ಕೆ ಕೊಡಬೇಕು. ಅದಕ್ಕೇ ಸಾಕಷ್ಟು ಗಂಟು ಆಯ್ತು ಅಂದಾಗ ಬೇರು ಎಲೆಗೆ ಸುದ್ದಿ ಕಳಿಸುತ್ತದೆ, ಎಲೆಯಲ್ಲಿರುವ ನಾರ್ಕ್ ಅನ್ನುವ ಗ್ರಾಹಕ ಅದನ್ನು ಹಿಡಿದು ಹೊಸ ಗಂಟು ನಿಲ್ಲಿಸುತ್ತದೆ. ನಾರ್ಕ್ ಜೀನ್ ಕೆಟ್ಟ ಸೋಯಾದಲ್ಲಿ ಬೇರು ತುಂಬಾ ಗಂಟು. ನೋಡಲು ಚೆಂದ, ಇಳುವರಿ ಮಾತ್ರ ಹೆಚ್ಚುವುದಿಲ್ಲ, ಸಕ್ಕರೆಯೆಲ್ಲ ಅಲ್ಲಿಗೇ ಹೋಗಿರುತ್ತದೆ. ಗಂಟು ಎಣಿಸಿ ಖುಷಿಪಡುವುದಕ್ಕಿಂತ ಕೊಯ್ದು ಬಣ್ಣ ನೋಡಿ ಅನ್ನುವುದು ಇದಕ್ಕೇ.

ಮಣ್ಣಿನಲ್ಲಿ ನೈಟ್ರೇಟ್ (ಯೂರಿಯಾ ಮಣ್ಣಿನಲ್ಲಿ ಬದಲಾಗಿ ಆಗುವ ಸಾರಜನಕದ ರೂಪ) ಧಾರಾಳ ಇದ್ದರೂ ಗಿಡ ಗಂಟು ನಿಲ್ಲಿಸುತ್ತದೆ. ಬಿತ್ತುವಾಗ ಶಿಫಾರಸಿನಷ್ಟು ಸ್ವಲ್ಪ ಸಾರಜನಕ ಕೊಡಿ, ಗಂಟು ಕೆಲಸ ಶುರುಮಾಡುವವರೆಗೆ ಅದು ಬೇಕು. ಆಮೇಲೆ ಕೆಂಪು ಗಂಟು ಕಾಣುತ್ತಿರುವ ಹೊಲಕ್ಕೆ ಮೂಟೆಗಟ್ಟಲೆ ಯೂರಿಯಾ ಸುರಿದರೆ ದುಡ್ಡು ಕೊಟ್ಟು ಗಂಟು ಮುಚ್ಚಿಸಿದ ಹಾಗೆ. ಗಂಟಿಗೆ ಬೇಕಾಗಿರುವುದು ರಂಜಕ. ಮಲೆನಾಡು, ಕರಾವಳಿಯ ಹುಳಿ ಮಣ್ಣಾದರೆ ಸುಣ್ಣವನ್ನೂ ನೋಡಿ. ನೈಟ್ರೋಜಿನೇಸ್‌ಗೆ ಕಬ್ಬಿಣದ ಜೊತೆ ಮಾಲಿಬ್ಡಿನಂ ಬೇಕು, ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಬೇರಿಗೆ ಸರಿಯಾಗಿ ಸಿಗುವುದಿಲ್ಲ. ಬೀನ್ಸ್ ಮಾತ್ರ ಬೇರೆ, ಅದು ಸಾರಜನಕ ಹಿಡಿಯುವುದರಲ್ಲಿ ಹಿಂದೆ, ಗೊಬ್ಬರ ಬೇಕೇ ಬೇಕು.

ನಿಮ್ಮ ಹೊಲದಲ್ಲೇ ಪರೀಕ್ಷೆ

ತಳಿಯೂ ಲೆಕ್ಕಕ್ಕೆ ಬರುತ್ತದೆ. ಬ್ರೆಜಿಲ್‌ನಲ್ಲಿ ಸೋಯಾ ತಳಿಗಳನ್ನು ಸಾರಜನಕ ಗೊಬ್ಬರ ಕೊಡದೆ, ಬ್ಯಾಕ್ಟೀರಿಯಾ ಲೇಪಿಸಿಯೇ ಆರಿಸಿಕೊಂಡು ಬಂದರು. ಇದಕ್ಕೆ ಒತ್ತಾಯಿಸಿದವರಲ್ಲಿ ವಿಜ್ಞಾನಿ ಯೋಹಾನ್ನಾ ಡೋಬರೈನರ್ ಮುಖ್ಯರು. ಅದೇ ಹಾದಿಯಲ್ಲಿ ಕೆಲಸ ಮಾಡಿದ ಮರಿಯಾಂಜೆಲಾ ಹುಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು. ನೈಜೀರಿಯಾದ ಐಐಟಿಎ ಅನ್ನುವ ಕೃಷಿ ಸಂಶೋಧನಾ ಸಂಸ್ಥೆ ಇದನ್ನು ತಿರುಗಿಸಿ ಯೋಚಿಸಿತು. ಪ್ಯಾಕೆಟ್ ಸಿಗದ ರೈತರಿಗೆ ಅಲ್ಲಿನ ಮಣ್ಣಿನ ಬ್ಯಾಕ್ಟೀರಿಯಾ ಜೊತೆಗೇ ಗಂಟು ಕಟ್ಟುವ ಸೋಯಾ ತಳಿಗಳನ್ನು ಬೆಳೆಸಿತು.

ನೀವು ಇಷ್ಟು ಮಾಡಿ. ಒಂದೇ ಥರದ ಮಣ್ಣಿರುವ ಕಡೆ ಮೂರು ಪಟ್ಟಿ ಬಿಡಿ. ಒಂದರಲ್ಲಿ ಲೇಪವಿಲ್ಲದ ಬೀಜ, ಇನ್ನೊಂದರಲ್ಲಿ ಲೇಪಿಸಿದ್ದು, ಮೂರನೆಯದರಲ್ಲಿ ಲೇಪವಿಲ್ಲದ ಬೀಜಕ್ಕೆ ಯೂರಿಯಾ. ಲೇಪವಿಲ್ಲದ್ದನ್ನು ಮೊದಲು ಬಿತ್ತಿ, ಇಲ್ಲದಿದ್ದರೆ ಕೂರಿಗೆಗೆ ಅಂಟಿದ ಪುಡಿ ಅಲ್ಲಿಗೂ ಹೋಗುತ್ತದೆ. ಎರಡು ತಳಿ ಇದ್ದರೆ ಎರಡನ್ನೂ ಹೀಗೇ ಹಾಕಿ. ಹೂ ಬಂದಾಗ ಬೇರು ಕೊಯ್ದು ನೋಡಿ, ಕಟಾವಿನಲ್ಲಿ ಪಟ್ಟಿ ಪಟ್ಟಿಯಾಗಿ ತೂಕ ಮಾಡಿ. ಯೂರಿಯಾ ಪಟ್ಟಿ ಮಾತ್ರ ಮುಂದಿದ್ದರೆ ನಿಮ್ಮ ಗಂಟುಗಳು ಸಾಲುತ್ತಿಲ್ಲ, ಬೇರೆ ಕಡೆಯ ಪ್ಯಾಕೆಟ್ ಅಥವಾ ಬೇರೆ ತಳಿ ಹುಡುಕಬೇಕು. ಮೂರೂ ಒಂದೇ ಸಮ ಬಂದು ಬೇರಿನಲ್ಲಿ ಕೆಂಪು ಗಂಟಿದ್ದರೆ, ಮುಂದಿನ ವರ್ಷ ಆ ಹೊಲಕ್ಕೆ ಯೂರಿಯಾ ದುಡ್ಡು ಉಳಿಯಿತು.