ಮನೆಗೆ ಸಿಸಿ ಕ್ಯಾಮೆರಾ ಹಾಕಿಸುವ ಮುಂಚೆ

ಬರೀ ಮೆಗಾಪಿಕ್ಸೆಲ್ ನೋಡಿ ಕ್ಯಾಮೆರಾ ತಗೋಬೇಡಿ. ಮೊದಲು ಲೆನ್ಸ್ ಕೇಳಿ. 2.8 ಎಂಎಂ ಲೆನ್ಸ್ ಇಡೀ ಅಂಗಳ ತೋರಿಸುತ್ತದೆ, ಆದರೆ ದೂರದವರ ಮುಖ ಗುರುತು ಸಿಗುವುದು ಕಷ್ಟ. ಗೇಟಿನ ಹತ್ತಿರ ಯಾರು ಬಂದರು ಅಂತ ತಿಳಿಯಬೇಕಾದರೆ 6 ಎಂಎಂ ಒಳ್ಳೆಯದು. ತೀರಾ ಎತ್ತರಕ್ಕೆ ಹಾಕಿಸಿದರೆ ಬರೀ ನೆತ್ತಿ ಕಾಣುತ್ತದೆ ಅಷ್ಟೆ.

ಸ್ಟೋರೇಜ್ ಲೆಕ್ಕ ಹಾಕದೆ ಮುಂದೆ ಹೋಗಬೇಡಿ. ಒಂದು ಕ್ಯಾಮೆರಾ 4 ಎಂಬಿಪಿಎಸ್‌ನಲ್ಲಿ (ಅಂದರೆ ಸೆಕೆಂಡಿಗೆ 4 ಮೆಗಾಬಿಟ್) ದಿನವಿಡೀ ರೆಕಾರ್ಡ್ ಮಾಡಿದರೆ ಸುಮಾರು 43 ಜಿಬಿ ಆಗುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ ಆರು ದಿನವೂ ಬರುವುದಿಲ್ಲ. ಆಮೇಲೆ ಹಳೆಯದರ ಮೇಲೇ ಹೊಸದು ಬರುತ್ತಾ ಹೋಗುತ್ತದೆ. ನೀವು ಹದಿನೈದು ದಿನ ಮನೆಯಲ್ಲಿ ಇಲ್ಲದಿದ್ದರೆ ಬೇಕಾದ ದೃಶ್ಯವೇ ಸಿಗಲ್ಲ, ಅಲ್ವಾ? ವಿಡಿಯೋವನ್ನು ಚಿಕ್ಕದಾಗಿ ಕುಗ್ಗಿಸಿ ಇಡುವ ಎಚ್.265 ವಿಧಾನ ಇರುವ ರೆಕಾರ್ಡರ್ ತಗೊಳ್ಳಿ, ಜಾಗ ಸಾಕಷ್ಟು ಉಳಿಯುತ್ತದೆ. ಡಿಸ್ಕ್ ಕೂಡ ಕ್ಯಾಮೆರಾ ರೆಕಾರ್ಡಿಂಗ್‌ಗೆ ಅಂತಲೇ ಬರುವುದನ್ನು ಕೇಳಿ.

ಕೇಬಲ್ ಎಳೆಯಲು ಆಗುವ ಕಡೆ ಸುಮ್ನೆ ವೈಫೈ ಹಿಂದೆ ಬೀಳಬೇಡಿ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟು ಕೊಡುವ ವ್ಯವಸ್ಥೆ) ಆದರೆ ಕರೆಂಟು, ವಿಡಿಯೋ ಎರಡೂ ಒಂದೇ ಕೇಬಲ್‌ನಲ್ಲಿ 100 ಮೀಟರ್‌ವರೆಗೆ ಹೋಗುತ್ತವೆ. ರೆಕಾರ್ಡರ್, ಆ ಕೇಬಲ್‌ಗಳಿಗೆ ಕರೆಂಟು ಕೊಡುವ ಪಿಒಇ ಸ್ವಿಚ್ ಎರಡಕ್ಕೂ ಯುಪಿಎಸ್ ಇರಲಿ.

ಕ್ಯಾಮೆರಾವನ್ನು ಕಿಟಕಿ ಗಾಜಿನ ಒಳಗಿಂದ ಹೊರಗೆ ತಿರುಗಿಸಿ ಇಡಬೇಡಿ, ರಾತ್ರಿ ಅದರ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ಚಿತ್ರ ಬೆಳ್ಳಗಾಗುತ್ತದೆ. ಹಾಕಲು ಬಂದವರು ಹೊರಟ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ.